ಪದ್ಮಕ್ಕೆ ಸೊನ್ನೆ ಎಷ್ಟು?

ಲಕ್ಷ್ಮೇಶ್ವರದ ಪೇಟೆಯಲ್ಲಿ ಬೋರ್ಡು ಬರೆಯುವ ಮಕ್ತುಮಸಾಬರು ಅಂದು ಬೆಳಿಗ್ಗೆ ಚಹಾ ಮುಗಿಸಿದವರೇ ಘೋರ ಪ್ರತಿಜ್ಞೆ ಮಾಡಿಬಿಟ್ಟರು.

"ಸಾಲಿ ಪ್ರದರ್ಶನದಾಗ ನನ್ನ ಮಗಳ ಬ್ಯಾನರ್ ನೋಡಿ ಮಂದಿ ಮೂಗಿನ ಮ್ಯಾಲೆ ಬೆರಳಿಡಬೇಕು!"

ಆರನೇ ಇಯತ್ತೆಯ ರುಹಿಗೆ ಪ್ರದರ್ಶನದಲ್ಲಿ ವಿವರಿಸಲು ಸಿಕ್ಕಿದ್ದು 'ಪದ್ಮ' ಎಂಬ ಮಹಾಸಂಖ್ಯೆ. ನಾಲ್ಕು ಜನರೆದುರು ಎಂದೂ ಬಾಯಿ ಬಿಡದ ಹುಡುಗಿ. ಬ್ಯಾನರ್ ಚಂದ ಇದ್ದರಷ್ಟೇ ಮಾತಾಡುತ್ತೇನೆ ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ್ದಳು. ಅಪ್ಪನ ಕರುಳು ಕರಗದೇ ಇದ್ದೀತೇ?

ಸಾಹೇಬರ ಪದ್ಧತಿಯೇ ಬೇರೆ. ಬಣ್ಣದ ಡಬ್ಬಿಯ ಮುಚ್ಚಳವಿಟ್ಟು, ಸುತ್ತ ಗೆರೆ ಎಳೆದು, ಮೊದಲು ಸೊನ್ನೆಗಳನ್ನೆಲ್ಲ ಮುಗಿಸುವುದು. ಮಿಕ್ಕ ಅಂಕಿ ಕೊನೆಗೆ, ಕೆಂಪು ಬಣ್ಣದಲ್ಲಿ. ಬಿಳಿ ಬಟ್ಟೆಯ ಮೇಲೆ ಒಂಬತ್ತು ನೀಲಿ ಸೊನ್ನೆಗಳು ಠೀವಿಯಿಂದ ಕೂತವು.

ಹೆಂಡತಿ ದಿಲಶಾದಬಿ ಸೆರಗಿಗೆ ಕೈ ಒರೆಸುತ್ತ ಬಂದಳು.

"ಇನ್ನ ಆರು ಸೊನ್ನಿ ಎಲ್ಲಿ ಹೋದುವ್ರಿ?"

"ಪದ್ಮಕ್ಕ ಒಂಬತ್ತ! ನಮ್ಮ ಕನ್ನಡ ಸಾಲಿ ಮಾಸ್ತರು ಬಡದು ಕಲಿಸ್ಯಾರ!"

"ನಮ್ಮ ಉರ್ದು ಸಾಲ್ಯಾಗ ಬಡೀದನ ಕಲಿಸ್ಯಾರ. ಹದಿನೈದು!"

"ಬಟ್ಟಿ ಮುಗೀತಲ್ಲ?"

ದಿಲಶಾದಬಿ ಟ್ರಂಕು ತೆಗೆದಳು. ಮುಂಡರಗಿಯ ತವರಿನವರು ಬಂದಾಗ ಹಾಸಲೆಂದು ಕಾದಿಟ್ಟ ಹೊಸ ಚಾದರ! ಗಂಡನನ್ನು ಸಹ ಅದರ ಮೇಲೆ ಕೂರಗೊಟ್ಟವಳಲ್ಲ. ಅದನ್ನೇ ಪರ್ ಎಂದು ಹರಿದು ಕೊಟ್ಟಳು. ಗೆಲ್ಲಬೇಕಲ್ಲ!

ಜೋಡಿಸಿದ ಬಟ್ಟೆಯ ಮೇಲೆ ಆರು ಹಸಿರು ಸೊನ್ನೆ ಬಂದವು. "ನೀಲಿ ನಂದು, ಹಸಿರು ನಿಂದು. ಮಂದಿನ ಹೇಳ್ಲಿ" ಎಂದರು ಸಾಹೇಬರು. ಜಗಳ ಮಾತ್ರ ಶಾಲೆಯ ಗೇಟಿನವರೆಗೂ ನಡೆದೇ ಬಂತು.

ಶಾಲೆಯ ಪಡಸಾಲೆಯಲ್ಲಿ ಬ್ಯಾನರ್ ಕಟ್ಟಿದರು. ಮಂಜುಳಾ ಟೀಚರ್ ಆ ತುದಿಯಿಂದ ಈ ತುದಿಗೆ ನೋಡಿದರು.

"ಸಾಹೇಬ್ರ, ನಿಮ್ಮದೂ ಖರೆ, ಅಕ್ಕಾರದೂ ಖರೆ. ಒಂದೊಂದು ಕಡೆ ಒಂದೊಂದು ಲೆಕ್ಕ ಐತಿ."

ಇಬ್ಬರ ಎದೆಯೂ ಉಬ್ಬಿತು.

"ಆದ್ರ ಎಲ್ಲಾ ಲೆಕ್ಕದಾಗೂ ಸೊನ್ನಿ ಮುಂದ ಒಂದು ಅಂಕಿ ಇರ್ತೈತ್ರಿ. ಅದೆಲ್ಲಿ?"

ಸಾಹೇಬರು ಹಣೆ ಚಚ್ಚಿಕೊಂಡರು. ಕೆಂಪು ಡಬ್ಬಿಯ ಮುಚ್ಚಳ ತೆಗೆದೇ ಇರಲಿಲ್ಲ! ಮಗಳು ಈಗ ಅತ್ತೇಬಿಡುತ್ತಾಳೆ ಎಂದು ಅವರ ಕಣ್ಣೇ ಮಂಜಾಯಿತು.

ರುಹಿ ಸೀದಾ ನಡೆದು ಮೊದಲ ಸೊನ್ನೆಯ ಎಡಕ್ಕೆ, ಅಂಕಿ ಇರಬೇಕಾದ ಜಾಗದಲ್ಲಿ, ಕೈ ಕಟ್ಟಿ ನೆಟ್ಟಗೆ ನಿಂತಳು.

"ಒಂದು ಅಂದ್ರ ನಾನ್ರಿ! ನನ್ನ ಹಿಂದ ಇರೋ ಸೊನ್ನಿ ಎಲ್ಲಾ ನಮ್ಮ ಅಬ್ಬಾ-ಅಮ್ಮಿ!"

ಚಪ್ಪಾಳೆಯೋ ಚಪ್ಪಾಳೆ! ಅಷ್ಟು ಮಂದಿಯಲ್ಲಿ ಮೂಗಿನ ಮೇಲೆ ಬೆರಳಿಟ್ಟವರು ಮಕ್ತುಮಸಾಬರೊಬ್ಬರೇ.