ಹದಿನಾಲ್ಕು ಸಂಪುಟ, ಹತ್ತು ಮುದ್ರೆ

ಧರ್ಮಗ್ರಂಥಗಳನ್ನು ಓದಿದವರಿಂದ ಲೋಕಕ್ಕೆ ಏನಾಗಿದೆಯೋ ನನಗೆ ಗೊತ್ತಿಲ್ಲ. ಓದದವರಿಂದ ನನಗೆ ಮಾತ್ರ ಒಂದಲ್ಲ ಒಂದು ಆಗುತ್ತಲೇ ಬಂದಿದೆ. ಗ್ರಂಥಪಾಲಕನ ಕುರ್ಚಿಯಲ್ಲಿ ಕೂತವನಿಗೆ ಬೇರೆ ಮನರಂಜನೆ ಬೇಕಾಗುವುದಿಲ್ಲ.

೧. ಕಪಾಟು

ಎಪ್ಪತ್ತರ ದಶಕದ ಕೊನೆಯಲ್ಲಿ ಉಡುಪಿಯ ಹತ್ತಿರದ ಒಂದು ಸಣ್ಣ ಕಾಲೇಜಿನಲ್ಲಿ ನನಗೆ ಗ್ರಂಥಪಾಲಕನ ಕೆಲಸ ಸಿಕ್ಕಿತು. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದ್ದೆ. ಅದರಿಂದ ದೇವರ ಮೇಲಿನ ನಂಬಿಕೆ ಹೋಗಿತ್ತು. ಅಧ್ಯಾಪಕನಾಗುವ ನಂಬಿಕೆ ಅದಕ್ಕೂ ಮೊದಲೇ ಹೋಗಿತ್ತು.

ನನ್ನ ಮೇಜಿನ ಹಿಂದಿನ ಗಾಜಿನ ಕಪಾಟಿನಲ್ಲಿ ಹದಿನಾಲ್ಕು ದಪ್ಪ ಸಂಪುಟಗಳಿದ್ದವು. ಕಾರ್ಕಳದ ಹಳೆಯ ವಕೀಲರೊಬ್ಬರು ತೀರಿಕೊಂಡಾಗ ಮನೆಯವರು ಜಾಗ ಖಾಲಿಯಾಗಲೆಂದು ದಾನ ಮಾಡಿದ ಪುಸ್ತಕಗಳು. ನೂರು ವರ್ಷದ ಹಿಂದೆ ಇಂಗ್ಲಿಷರೂ ಜರ್ಮನರೂ ಸೇರಿ ಏಷ್ಯಾದ ಧರ್ಮಗ್ರಂಥಗಳನ್ನು ಮೊದಲ ಬಾರಿಗೆ ಇಂಗ್ಲಿಷಿಗೆ ಇಳಿಸಿದ ಕಾಲದವು. ಉಪನಿಷತ್ತುಗಳು, ಜೈನ ಸೂತ್ರಗಳು, ಬೌದ್ಧರದ್ದು, ಪಾರಸಿಗಳದ್ದು, ಮುಸಲ್ಮಾನರದ್ದು, ಎಲ್ಲರದ್ದೂ ಇತ್ತು. ಚರ್ಮದ ರಟ್ಟು, ಬೆನ್ನಿನ ಮೇಲೆ ಬಂಗಾರದ ಅಕ್ಷರ. ಉಪನಿಷತ್ತನ್ನು ಅನುವಾದಿಸಿದವನು ಇಂಡಿಯಾಕ್ಕೆ ಒಮ್ಮೆಯೂ ಬಾರದ ಒಬ್ಬ ಪ್ರೊಫೆಸರ್. ಪುರಾಣದ ಸಂಪುಟದವನು ಇಲ್ಲಿ ಮೂವತ್ತು ವರ್ಷ ಇದ್ದು, ಇಲ್ಲಿಯ ಯಾರನ್ನೂ ಮೆಚ್ಚದೆ ವಾಪಸು ಹೋದ ಒಬ್ಬ ಪಾದ್ರಿ.

ಒಂದು ಮಳೆಗಾಲದಲ್ಲಿ ಪ್ರಾಂಶುಪಾಲರು ಬಂದು ಕಪಾಟಿನ ಮುಂದೆ ನಿಂತರು. ಪ್ರಾಣಿಶಾಸ್ತ್ರದವರ ಕಪ್ಪೆ, ಹಾವಿನ ಬಾಟಲಿಗಳನ್ನು ಇಡಲು ಗಾಜಿನ ಕಪಾಟು ಬೇಕಾಗಿತ್ತು. ಒಂದು ಸಂಪುಟ ತೆಗೆದು ಕೊನೆಯ ಪುಟಕ್ಕೆ ಅಂಟಿಸಿದ್ದ, ಪುಸ್ತಕ ಒಯ್ದಾಗಲೆಲ್ಲ ತಾರೀಖಿನ ಮುದ್ರೆ ಒತ್ತುವ ಡೇಟ್ ಸ್ಲಿಪ್ ನೋಡಿದರು. ಒಂದು ಮುದ್ರೆಯೂ ಇರಲಿಲ್ಲ. ಉಳಿದವುಗಳದ್ದೂ ಅಷ್ಟೇ.

ಓದುಗರಿಲ್ಲದ ಪುಸ್ತಕ ರದ್ದಿಗೆ ಎಂದರು. ನಾನು ಬೇಡ ಎಂದೆ.

"ದೇವರಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಭಾಷಣ ಮಾಡುವವರು ನೀವು. ನಿಮಗೆಂತಕ್ಕೆ ಮಾರಾಯ್ರೆ ಈ ಸಂಕಟ?"

ಸಂಕಟಕ್ಕೆ ಕಾರಣ ಇತ್ತು. ಆ ಪ್ರೊಫೆಸರ್ ಅಲ್ಲಲ್ಲಿ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ, ಈ ಮಾತಿನ ಅರ್ಥ ನನಗೆ ತಿಳಿಯಲಿಲ್ಲ ಎಂದು ಟಿಪ್ಪಣಿ ಹಾಕಿದ್ದ. ದೇವರ ಮಾತು ತನಗೆ ಅರ್ಥವಾಗಲಿಲ್ಲ ಎಂದು ಒಪ್ಪಿಕೊಂಡ ಮನುಷ್ಯನನ್ನು ನಮ್ಮ ಜಿಲ್ಲೆಯಲ್ಲಿ ನಾನು ಕಂಡಿಲ್ಲ. ಅಂಥ ಒಬ್ಬನೇ ಒಬ್ಬನನ್ನು ಕಡಲೆ ಕಟ್ಟಲು ಕಳಿಸುವುದು ನನಗೆ ಒಪ್ಪಿಗೆಯಿರಲಿಲ್ಲ.

ಇದನ್ನು ಅವರಿಗೆ ಹೇಳಲಿಲ್ಲ. ಓದುಗರನ್ನು ಹುಡುಕುತ್ತೇನೆ ಎಂದಷ್ಟೇ ಹೇಳಿದೆ. ನವರಾತ್ರಿಯೊಳಗೆ ಆ ಸ್ಲಿಪ್ಪುಗಳ ಮೇಲೆ ಹತ್ತು ಮುದ್ರೆ ಬಿದ್ದರೆ ಪುಸ್ತಕ ಉಳಿಯುತ್ತದೆ, ಇಲ್ಲವಾದರೆ ಕಪ್ಪೆ ಬರುತ್ತದೆ ಎಂದರು. ಮರುದಿನವೇ ಸುತ್ತೋಲೆಯೂ ಬಂತು.

೨. ಪುಟ ತಿರುಗಿಸಿ

ಮೊದಲು ನೆನಪಾದವರು ರಥಬೀದಿಯ ಹತ್ತಿರ ಇದ್ದ ನಿವೃತ್ತ ಸಂಸ್ಕೃತ ಪಂಡಿತರು. ಉಪನಿಷತ್ತಿಗೆ ಪರದೇಶದವನೊಬ್ಬ ಇಂಗ್ಲಿಷಿನಲ್ಲಿ ಅರ್ಥ ಬರೆದಿದ್ದಾನೆ ಎಂದು ಹೇಳಿ ಬಂದೆ. ಮರುದಿನ ಬೆಳಿಗ್ಗೆಯೇ ಸ್ನಾನ ಮುಗಿಸಿ, ಮಡಿಪಂಚೆ ಉಟ್ಟು, ಅವನನ್ನು ಖಂಡಿಸಲು ಬಂದರು.

ಪುಸ್ತಕ ಮುಂದಿಟ್ಟೆ. ಕೈ ಹಿಂದೆಗೆದುಕೊಂಡರು. "ಇದೆಂತ, ಚರ್ಮವಾ?"

ಹೌದು ಎಂದೆ, ಕರುವಿನದ್ದಿರಬಹುದು ಎಂಬುದನ್ನು ನುಂಗಿಕೊಂಡೆ. ಕಡೆಗೆ ಒಂದು ಏರ್ಪಾಡಾಯಿತು. ಅವರು ಎರಡು ಮೊಳ ದೂರದ ಬೆಂಚಿನ ಮೇಲೆ ಕೂರುವುದು, ನಾನು ಪುಟ ತಿರುಗಿಸುವುದು. ಅವರಿಗೆ ಇಂಗ್ಲಿಷ್ ಬಾರದು. ಹಾಗಾಗಿ ಸಂಸ್ಕೃತದಿಂದ ಇಂಗ್ಲಿಷಿಗೆ ಹೋದದ್ದನ್ನು ನಾನು ಕನ್ನಡಕ್ಕೆ ತರುವುದು, ಅದನ್ನು ಅವರು ಸಂಸ್ಕೃತದಲ್ಲಿ ಖಂಡಿಸುವುದು.

ಅವನು ಮಡಿಯಲ್ಲಿ ಕೂತು ಬರೆದಿದ್ದಾನಾ ಎಂದು ಕೇಳಿದರು. ಆ ಚಳಿಯಲ್ಲಿ ಒದ್ದೆ ಬಟ್ಟೆ ಉಟ್ಟರೆ ಮೊದಲ ಅಧ್ಯಾಯ ಮುಗಿಯುವುದರೊಳಗೆ ಸಾಯುತ್ತಾರೆ ಎಂದೆ. ಅದೇ, ಅದಕ್ಕೇ ತಪ್ಪಾಗಿದೆ ಎಂದರು.

ನಲವತ್ತು ಪುಟಗಳಲ್ಲಿ ಮೂವತ್ತು ತಪ್ಪು ಸಿಕ್ಕಿತು. ಪಂಡಿತರ ಮುಖ ಅರಳಿತ್ತು. ನಲವತ್ತೊಂದನೆಯ ಪುಟಕ್ಕೆ ಬಂದಾಗ ಕೆಳಗೆ ಆ ಟಿಪ್ಪಣಿ ಇತ್ತು. ಈ ಮಾತಿನ ಅರ್ಥ ತನಗೆ ತಿಳಿಯಲಿಲ್ಲ ಎನ್ನುತ್ತಾನೆ ಎಂದೆ.

"ಎಲ್ಲಿಂದ ತಿಳಿಯಬೇಕು ಅವನಿಗೆ," ಎಂದು ನಕ್ಕರು. ಮೂಲದ ವಾಕ್ಯವನ್ನು ರಾಗವಾಗಿ ಹೇಳಿದರು. ಇನ್ನೊಮ್ಮೆ ಹೇಳಿದರು. ನಾನು ಅರ್ಥಕ್ಕಾಗಿ ಪೆನ್ನು ಹಿಡಿದು ಕಾದೆ.

"ಪುಟ ತಿರುಗಿಸಿ," ಎಂದರು.

ಚರ್ಮದ ಪುಸ್ತಕ ಮನೆಗೆ ಒಯ್ಯುವ ಹಾಗಿಲ್ಲ, ಆದ್ದರಿಂದ ಮುದ್ರೆಯೂ ಇಲ್ಲ. ಬದಲಿಗೆ ಆ ಪ್ರೊಫೆಸರನಿಗೆ ಹನ್ನೊಂದು ಹಾಳೆಯ ಖಂಡನಪತ್ರ ಬರೆದು ಕೊಟ್ಟರು, ಇಂಗ್ಲಿಷಿಗೆ ತಿರುಗಿಸಿ ಕಳಿಸಬೇಕಂತೆ. ಅವನು ಸತ್ತು ಎಷ್ಟೋ ಕಾಲವಾಯಿತು ಎಂದೆ.

"ಸತ್ತರೆ ಎಂತ? ಶಿಷ್ಯರು ಇರುತ್ತಾರಲ್ಲ. ಪೋಸ್ಟ್ ಮಾಡಿ."

ಮಾಡಿದೆ.

೩. ಬೆಳ್ಮಣ್ಣಿನಲ್ಲಿ ಋಷಿವಾಣಿ

ಮೊದಲ ಮುದ್ರೆ ಮಣಿಪಾಲದಿಂದ ಬಂತು. ಅಲ್ಲಿನ ಬ್ಯಾಂಕೊಂದರ ಆಫೀಸರ್ ನನ್ನ ಪರಿಚಯದವರು. ಅವರ ಬ್ಯಾಂಕು ಬೆಳ್ಮಣ್ಣಿನಲ್ಲಿ ಶಾಖೆ ತೆರೆಯುವುದರಲ್ಲಿತ್ತು, ಸ್ವಾಗತ ಭಾಷಣ ಇವರದ್ದು. ದೊಡ್ಡ ಸಾಹೇಬರು ಬರುತ್ತಾರೆ, ಹಾಗಾಗಿ ನಮ್ಮ ಪ್ರಾಚೀನ ಋಷಿಗಳ ಮಾತೊಂದು ಇಂಗ್ಲಿಷಿನಲ್ಲೇ ಬೇಕು ಎಂದರು. ಪಾದ್ರಿಯ ಸಂಪುಟ ಕೊಟ್ಟೆ. ಅದು ಕೆಂಪು ಚರ್ಮದ್ದು, ನೋಡಲು ಚಂದ.

ಆಫೀಸರರಿಗೆ ಪುರುಸೊತ್ತಿರಲಿಲ್ಲ. ಮೊದಲ ಪುಟ ತೆರೆದು, ಗಂಭೀರವಾಗಿ ಕಂಡ ಒಂದು ದೊಡ್ಡ ವಾಕ್ಯಕ್ಕೆ ಗುರುತಿನ ಚೀಟಿ ಇಟ್ಟು, ಮುದ್ರೆ ಹಾಕಿಸಿ ಪುಸ್ತಕ ಒಯ್ದರು. ಮೊದಲ ಪುಟದಲ್ಲಿ ಋಷಿಗಳಿರಲಿಲ್ಲ, ಪಾದ್ರಿಯ ಮುನ್ನುಡಿ ಇತ್ತು. ಈ ಕರಾವಳಿಯ ಜನ ದಾವೆ ಹೂಡುವುದರಲ್ಲಿಯೂ ಕೊಟ್ಟ ಮಾತಿಗೆ ತಪ್ಪುವುದರಲ್ಲಿಯೂ ಲೋಕದಲ್ಲೇ ಎತ್ತಿದ ಕೈ ಎಂದು ಅವನು ಬರೆದಿದ್ದ.

ನಾನೂ ಸಭೆಗೆ ಹೋಗಿದ್ದೆ. ಆಫೀಸರರು ಕಣ್ಣು ಅರೆಮುಚ್ಚಿ, ಸಾವಿರಾರು ವರ್ಷಗಳ ಹಿಂದೆ ನಮ್ಮ ಋಷಿಗಳು ಹೇಳಿದ್ದಾರೆ ಎಂದು ಪೀಠಿಕೆ ಹಾಕಿ ಆ ವಾಕ್ಯವನ್ನು ಓದಿದರು. ಚಪ್ಪಾಳೆ ಬಿತ್ತು. ದೊಡ್ಡ ಸಾಹೇಬರು ಚಪ್ಪಾಳೆಯ ಮಧ್ಯೆ ಕೈ ನಿಲ್ಲಿಸಿ ಆಫೀಸರರನ್ನೇ ನೋಡಿದರು.

ಮುಂದಿನ ಸಾಲಿನಲ್ಲಿ ಊರಿನ ಶ್ರೀಮಂತರೊಬ್ಬರು ಕೂತಿದ್ದರು. ತಮ್ಮನ ಮೇಲೆ ಕಾರ್ಕಳದ ಕೋರ್ಟಿನಲ್ಲಿ ಮೂರು ಕೇಸು ಹಾಕಿದವರು, ಇಂಗ್ಲಿಷ್ ಬಲ್ಲವರು. ಪಕ್ಕದವರ ಕಡೆಗೆ ಬಾಗಿ ಹೇಳಿದರು. "ಋಷಿಗಳು ಒಮ್ಮೆಯಾದರೂ ಬೆಳ್ಮಣ್ಣಿಗೆ ಬಂದು ಹೋಗಿರಬೇಕು."

೪. ಬಟಾಟೆ

ಮುಂದಿನ ಮೂರು ಮುದ್ರೆಗಳೂ ಒಬ್ಬಳೇ ಓದುಗಿತಿಯವು. ಕಾರ್ಕಳದ ಜೈನ ಮನೆಗೆ ಸೊಸೆಯಾಗಿ ಹೋದ ನಮ್ಮ ಹಳೆಯ ವಿದ್ಯಾರ್ಥಿನಿ. ಮಣ್ಣಿನ ಅಡಿಯಲ್ಲಿ ಬೆಳೆಯುವ ಯಾವುದನ್ನೂ ಅತ್ತೆ ಒಲೆಗೆ ಏರಿಸುತ್ತಿರಲಿಲ್ಲ. ಸೊಸೆಯ ತವರಿನಲ್ಲಿ ಅಷ್ಟು ಕಟ್ಟುನಿಟ್ಟಿರಲಿಲ್ಲ. ಮದುವೆಯಾಗಿ ಎರಡು ವರ್ಷ ಆಕೆ ಬಟಾಟೆ ಕಂಡಿರಲಿಲ್ಲ.

ಜೈನ ಸೂತ್ರಗಳ ಅನುವಾದ ಇದೆ ಎಂದು ಯಾರೋ ಹೇಳಿದ್ದರು. ಬಸ್ಸು ಹಿಡಿದು ಬಂದಳು. ಒಳಗಿನ ಪುಟಗಳ ತಂಟೆಗೆ ಹೋಗಲಿಲ್ಲ, ನೇರ ಕೊನೆಯ ಪದಸೂಚಿಗೆ ಹೋದಳು. ಬಟಾಟೆಗೆ ಇಂಗ್ಲಿಷಿನಲ್ಲಿ ಯಾವ ಅಕ್ಷರವೋ ಆ ಅಕ್ಷರದ ಕೆಳಗೆ ಹುಡುಕಿದಳು. ಇರಲಿಲ್ಲ. ಆ ಕಾಲಕ್ಕೆ ಬಟಾಟೆ ನಮ್ಮ ದೇಶಕ್ಕೇ ಬಂದಿರಲಿಲ್ಲ ಎಂದು ನಾನು ಹೇಳಲು ಹೊರಟೆ. ಅವಳಿಗೆ ಚರಿತ್ರೆ ಬೇಕಾಗಿರಲಿಲ್ಲ.

ಎರಡು ಸಲ ಅವಧಿ ಮುಂದೂಡಿಸಿ ಕೊಂಡುಹೋದಳು. ಕೊನೆಗೆ ವಾಪಸು ತಂದಾಗ ಏನಾಯಿತು ಎಂದು ಕೇಳಿದೆ. ಪದಸೂಚಿಯನ್ನು ಅತ್ತೆಯ ಮುಂದೆ ಹರಡಿ, ಬಟಾಟೆ ತಿನ್ನಬಾರದು ಎಂದು ಇದರಲ್ಲಿ ಎಲ್ಲಿಯೂ ಇಲ್ಲ ಎಂದು ತೋರಿಸಿದ್ದಳಂತೆ. ಅತ್ತೆ ಕನ್ನಡಕ ಹಾಕಿಕೊಂಡು, ಒಂದಕ್ಷರ ತಿಳಿಯದಿದ್ದರೂ ಮೇಲಿನಿಂದ ಕೆಳಗಿನವರೆಗೆ ನೋಡಿದರಂತೆ.

"ಇದರಲ್ಲಿ ಸೊಸೆ ಉಂಟಾ?"

ಹುಡುಕಿ ನೋಡಿದಳು. ಸೊಸೆಯೂ ಇರಲಿಲ್ಲ.

"ಹಾಗಾದರೆ ನಿನ್ನನ್ನೂ ಕಳಿಸಿಬಿಡಬೇಕಾ? ಹೋಗಿ ಪಲ್ಯಕ್ಕೆ ಅಲಸಂಡೆ ಕೊಯ್ದುಕೊಂಡು ಬಾ."

ಪುಸ್ತಕ ಮೇಜಿನ ಮೇಲಿಟ್ಟು ಅವಳು ಕಪಾಟನ್ನು ಒಮ್ಮೆ ನೋಡಿದಳು. "ಬಟಾಟೆ ಇರುವ ಧರ್ಮ ಯಾವುದಾದರೂ ಉಂಟಾ ಸಾರ್ ಇದರಲ್ಲಿ?"

೫. ತಕ್ಕಡಿ

ನವರಾತ್ರಿ ಹತ್ತಿರ ಬಂತು. ಮುದ್ರೆಗಳು ನಾಲ್ಕೇ. ಪ್ರಾಂಶುಪಾಲರು ಉದ್ಯಾವರದಿಂದ ರದ್ದಿ ವ್ಯಾಪಾರಿಯನ್ನು ಕರೆಸಿದರು. ಕೊಲ್ಲಿ ದೇಶದಲ್ಲಿ ಕೆಲವು ವರ್ಷ ದುಡಿದು ಬಂದು ಹೆದ್ದಾರಿಯ ಬದಿಯಲ್ಲಿ ಅಂಗಡಿ ಹಾಕಿದ್ದ ಬ್ಯಾರಿ ಮುಸಲ್ಮಾನ ಸಾಹೇಬರು, ಮಾತು ಕಡಿಮೆ. ತಕ್ಕಡಿಯನ್ನು ಬಾಗಿಲಿಗೆ ತೂಗುಹಾಕಿ, ಮೊದಲ ಸಂಪುಟ ಎತ್ತಿ, ಬಂಗಾರದ ಅಕ್ಷರ ನೋಡಿ ನಿಂತರು. ಇದೆಂತ ಪುಸ್ತಕ ಎಂದು ಕೇಳಿದರು. ದೇವರದ್ದು ಎಂದೆ.

"ಯಾವ ದೇವರದ್ದು?"

ಒಂದೊಂದಾಗಿ ಹೇಳುತ್ತ ಹೋದೆ.

"ನಮ್ಮದೂ ಉಂಟಾ?"

"ಉಂಟು. ಒಂಬತ್ತನೆಯದು."

ಎತ್ತಿದ್ದನ್ನು ಕಪಾಟಿನಲ್ಲಿ ಇದ್ದ ಜಾಗದಲ್ಲೇ ಇಟ್ಟು, ಅಂಗಿಗೆ ಕೈ ಒರೆಸಿಕೊಂಡರು. ಪ್ರಾಂಶುಪಾಲರಿಗೆ ಒಂದು ಉಪಾಯ ಹೊಳೆಯಿತು. ಒಂಬತ್ತನೆಯದನ್ನು ಬಿಟ್ಟು ಉಳಿದವನ್ನು ತೂಗಿ ಎಂದರು.

ಸಾಹೇಬರು ತಲೆಯಾಡಿಸಿದರು. "ನಮ್ಮದನ್ನು ಬಿಟ್ಟು ಉಳಿದವರದ್ದನ್ನು ತೂಗಿದರೆ ನಾಳೆ ಆ ಉಳಿದವರು ನನ್ನ ಅಂಗಡಿಗೆ ಬರುತ್ತಾರೆ ಸಾರ್. ಎಲ್ಲರ ದೇವರೂ ಗಲಾಟೆ ಮಾಡದೆ ಒಂದೇ ಕಪಾಟಿನಲ್ಲಿ ಕೂತದ್ದನ್ನು ನಾನು ನೋಡಿದ್ದು ಇಲ್ಲಿ ಮಾತ್ರ. ಹಾಗೇ ಇರಲಿ ಅಲ್ವಾ?"

ಆದರೂ ಟೆಂಪೋ ಖಾಲಿ ಹೋಗಬಾರದಲ್ಲ. ಮೂಲೆಯಲ್ಲಿದ್ದ ಕಾಗದದ ಕಟ್ಟುಗಳನ್ನು ತೋರಿಸಿ, ಅದರಲ್ಲಿ ದೇವರಿಲ್ಲವಲ್ಲ ಎಂದು ಕೇಳಿದರು. ಖಂಡಿತ ಇಲ್ಲ ಎಂದು ನಾನು ಜವಾಬ್ದಾರಿ ತೆಗೆದುಕೊಂಡೆ. ಅವು ಪ್ರಾಂಶುಪಾಲರ ಸುತ್ತೋಲೆಗಳು. ಹತ್ತು ಮುದ್ರೆಯದ್ದೂ ಅದರಲ್ಲೇ ಇತ್ತು.

೬. ಮೊದಲ ಪುಟ

ಪ್ರಾಂಶುಪಾಲರು ಸೋಲುವವರಲ್ಲ. ಏನೂ ಕೇಳದೆ ತೂಗುವ ವ್ಯಾಪಾರಿಯೊಬ್ಬ ಕಾಪುವಿನಲ್ಲಿ ಇದ್ದಾನಂತೆ, ಮಹಾನವಮಿಯ ದಿನ ಬರುತ್ತಾನೆ ಎಂದರು.

ಅದರ ಹಿಂದಿನ ದಿನ ಗ್ರಂಥಾಲಯದಲ್ಲಿ ಶಾರದಾ ಪೂಜೆಗೆ ಪುಸ್ತಕ ಇಡುವ ಪದ್ಧತಿ. ನಾನು ಆ ಹೊತ್ತಿಗೆ ಯಾವಾಗಲೂ ಚಹಾ ಕುಡಿಯಲು ಹೋಗುತ್ತಿದ್ದೆ. ನಮ್ಮ ಅಟೆಂಡರ್ ಕೈಗೆ ಸಿಕ್ಕಿದ್ದನ್ನು ದೇವಿಯ ಮುಂದೆ ಪೇರಿಸುತ್ತಿದ್ದ. ಹಿಂದಿನ ವರ್ಷ ಟೆಲಿಫೋನ್ ಡೈರೆಕ್ಟರಿಗೂ ಹಾಜರಿ ಪುಸ್ತಕಕ್ಕೂ ಪೂಜೆಯಾಗಿತ್ತು. ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಯ ಬೆಳಿಗ್ಗೆಯವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಆ ಬೆಳಿಗ್ಗೆ ತೆರೆದು ನಾಲ್ಕು ಸಾಲು ಓದಬೇಕು. ಆ ವರ್ಷ ನಾನು ಚಹಾಕ್ಕೆ ಹೋಗಲಿಲ್ಲ.

"ಡೈರೆಕ್ಟರಿ ಬೇಡ ಮಾರಾಯ," ಎಂದು ಅಟೆಂಡರನಿಗೆ ಹೇಳಿದೆ. "ದೇವರ ಪುಸ್ತಕ ಇರುವಾಗ ಅದೆಂತಕ್ಕೆ?"

ನನ್ನ ಬಾಯಲ್ಲಿ ದೇವರು ಬಂದದ್ದಕ್ಕೆ ಅವನು ಗಾಬರಿಯಾದ. ಆದರೆ ಹದಿನಾಲ್ಕನ್ನೂ ಪೇರಿಸಿದ. ಕೆಂಪಗೆ ಚಂದ ಇದೆಯೆಂದು ಪಾದ್ರಿಯನ್ನು ಎಲ್ಲಕ್ಕಿಂತ ಮೇಲೆ ಇಟ್ಟು, ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿದ. ಮರುದಿನ ಕಾಪುವಿನ ವ್ಯಾಪಾರಿ ಬಂದ, ಹೂವು ನೋಡಿದ, ಹೊರಗೆ ಬಿಟ್ಟ ಚಪ್ಪಲಿ ಮೆಟ್ಟಿಕೊಂಡು ಹೋದ.

ವಿಜಯದಶಮಿಗೆ ಆಡಳಿತ ಮಂಡಳಿಯ ಅಧ್ಯಕ್ಷರು ಇನ್ನಂಜೆಯಿಂದ ಬಂದರು. ಇಂಗ್ಲಿಷ್ ಬಾರದವರು, ಅದಕ್ಕೇ ಕಾಲೇಜು ಕಟ್ಟಿಸಿದವರು. ರಜೆಯೆಂದು ಅಧ್ಯಾಪಕರೆಲ್ಲ ಊರಿಗೆ ಹೋಗಿದ್ದರು, ಪೂಜೆಗೆ ನಮ್ಮ ಪಂಡಿತರೇ ಬಂದಿದ್ದರು. ಪುಸ್ತಕ ಕಂಡು ಎರಡು ಹೆಜ್ಜೆ ಹಿಂದೆ ಸರಿದು, ಚರ್ಮ ಎಂದರು.

"ದೇವಸ್ಥಾನದ ಚೆಂಡೆಯೂ ಚರ್ಮದ್ದೇ ಅಲ್ವಾ ಆಚಾರ್ಯರೇ?" ಎಂದ ಅಟೆಂಡರ್.

ಪಂಡಿತರು ನಿಂತಲ್ಲಿಂದಲೇ ಹೂವು ಎಸೆದು ಪೂಜೆ ಮುಗಿಸಿದರು. ಮಂಗಳಾರತಿ ಆಯಿತು. ಮೇಲಿನ ಪುಸ್ತಕದ ಮೊದಲ ಪುಟ ಓದಿ ಎಂದು ಅಧ್ಯಕ್ಷರು ನನಗೆ ಹೇಳಿದರು.

ಓದಿದೆ. ಬೆಳ್ಮಣ್ಣಿನ ವಾಕ್ಯದ ಕೆಳಗಿನ ಪ್ಯಾರಾ. ಈ ಜನ ಕಲ್ಲು, ಮರ, ಹಾವು, ಎದುರಿಗೆ ಕಂಡ ಯಾವುದಕ್ಕಾದರೂ ಕುಂಕುಮ ಹಚ್ಚಿ, ಹೂವು ಇಟ್ಟು ಅಡ್ಡಬೀಳುತ್ತಾರೆ, ಆ ಮೂಢತನದಿಂದ ಅವರನ್ನು ಬಿಡಿಸಲೆಂದೇ ಈ ಪುಸ್ತಕ ಬರೆದಿದ್ದೇನೆ ಎನ್ನುತ್ತಾನೆ ಪಾದ್ರಿ. ಓದುವಾಗ ಅವನ ಹೆಸರಿನ ಮೇಲಿನಿಂದ ಕುಂಕುಮ ಉದುರಿ ನನ್ನ ಬೆರಳಿಗೆ ತಾಗುತ್ತಿತ್ತು. ಎಲ್ಲರೂ ಕೈ ಮುಗಿದು ಕೇಳುತ್ತಿದ್ದರು. ಪೂರ್ತಿ ಅರ್ಥವಾದದ್ದು ಪ್ರಾಂಶುಪಾಲರಿಗೆ ಮಾತ್ರ. ಅವರ ಕೈ ಮುಗಿದ ಹಾಗೆಯೇ ಇತ್ತು, ಮುಖ ಮಾತ್ರ ಬಾಟಲಿಯೊಳಗಿನ ಕಪ್ಪೆಯ ಬಣ್ಣಕ್ಕೆ ತಿರುಗಿತ್ತು.

"ಎಂತ ಬರೆದಿದ್ದಾರೆ?" ಎಂದು ಅಧ್ಯಕ್ಷರು ಕೇಳಿದರು.

ನಾನು ಸುಳ್ಳು ಹೇಳುವವನಲ್ಲ. "ಕುಂಕುಮ ಹಚ್ಚಿ, ಹೂವು ಇಟ್ಟು ಕೈ ಮುಗಿಯುವ ಜನರಿಗಾಗಿ ಈ ಪುಸ್ತಕ ಬರೆದೆ ಎನ್ನುತ್ತಾರೆ."

"ಹೌದಾ ಪ್ರಾಂಶುಪಾಲರೇ?"

ಪ್ರಾಂಶುಪಾಲರು ನನ್ನನ್ನು ನೋಡಿದರು. ದೇವಿಯನ್ನು ನೋಡಿದರು. ಪೂರ್ತಿ ಅರ್ಥ ಹೇಳಿದರೆ ಪೂಜೆ ಯಾರಿಗೆ ಆಯಿತು ಎಂಬುದನ್ನೂ ಹೇಳಬೇಕಾಗಿತ್ತು. "ಹೌದು," ಎಂದರು.

ಅಧ್ಯಕ್ಷರ ಕಣ್ಣು ಒದ್ದೆಯಾಯಿತು. ಆ ಕಾಲದ ಪರದೇಶದವನಿಗೆ ನಮ್ಮ ಮೇಲೆ ಎಷ್ಟು ಅಭಿಮಾನ ಎಂದರು. ಪ್ರತಿ ವರ್ಷ ಇದೇ ಪುಸ್ತಕ ಪೂಜೆಗೆ ಇಡಬೇಕು, ಆ ಕಪಾಟನ್ನು ಯಾರೂ ಅಲುಗಿಸಬಾರದು ಎಂದು ಅಲ್ಲೇ ಅಪ್ಪಣೆಯಾಯಿತು. ಕಪ್ಪೆಗಳು ಪ್ರಾಣಿಶಾಸ್ತ್ರದವರ ಬೆಂಚಿನ ಮೇಲೆಯೇ ಉಳಿದವು.

ಪಂಚಕಜ್ಜಾಯ ಹಂಚುವಾಗ ಪಂಡಿತರು ನನ್ನನ್ನು ಬದಿಗೆ ಕರೆದರು. ಈ ಪಾದ್ರಿ ಪರವಾಗಿಲ್ಲ, ನಮ್ಮ ಬಗ್ಗೆ ಒಳ್ಳೆಯದು ಬರೆದಿದ್ದಾನೆ ಎಂದರು. ಆ ಪ್ರೊಫೆಸರನ ಶಿಷ್ಯರಿಂದ ಉತ್ತರ ಬಂತಾ ಎಂದು ಕೇಳಿದರು. ಇಲ್ಲ ಎಂದೆ.

"ಮಳೆಗಾಲ ಕಳೆಯಿತು. ಹಾಗಾದರೆ ಸೋತರು ಎಂದು ಬರೆದಿಡಿ."

ಬರೆದಿಡಲಿಲ್ಲ. ಬರೆಯಲು ಬೇರೆ ಕೆಲಸವಿತ್ತು. ಹದಿನಾಲ್ಕು ಸ್ಲಿಪ್ಪುಗಳಿಗೂ ಮುದ್ರೆ ಒತ್ತಿ, ಪಡೆದವರ ಹೆಸರು ಎಂಬಲ್ಲಿ ಶಾರದೆ ಎಂದು ತುಂಬಿದೆ.

ಪಾದ್ರಿ ಮೂವತ್ತು ವರ್ಷ ದುಡಿದರೂ ಕುಂಕುಮ ಮೂಢತನ ಎಂಬ ಅವನ ಮಾತನ್ನು ಇಲ್ಲಿ ಯಾರೂ ಒಪ್ಪಲಿಲ್ಲ. ಇಡೀ ತಾಲೂಕಿನಲ್ಲಿ ಒಪ್ಪಿದವನು ನಾನೊಬ್ಬನೇ ಇರಬೇಕು. ಮರುವರ್ಷ ಅಟೆಂಡರ್ ನಿವೃತ್ತನಾದ. ಆಮೇಲೆ ಪ್ರತಿ ನವರಾತ್ರಿಗೆ ಪಾದ್ರಿಗೆ ಕುಂಕುಮ ಹಚ್ಚಿದವನು ನಾನೇ.