ಎಕ್ಸೆಲ್ ಶೀಟಿನ ಬಂದೂಕು

ನಾನು ಈಗ ಹೇಳುವುದನ್ನು ನೀವು ನಂಬುವುದಿಲ್ಲ. ಪರವಾಗಿಲ್ಲ, ನನ್ನ ತಂಗಿಯೂ ನಂಬುವುದಿಲ್ಲ. ಹಲ್ಲುಜ್ಜಿದೆ ಅಂದರೂ ಅವಳು ಬ್ರಷ್ ಒದ್ದೆಯಾಗಿದೆಯಾ ಅಂತ ಮುಟ್ಟಿ ನೋಡುವವಳು. ಆದರೂ ಕೇಳಿ. ಅಲೆನ್ ಊರಿನ ನಮ್ಮ ಮನೆಯಲ್ಲಿ ಮೊಟ್ಟೆ ಬೇಯಿಸಬೇಕಾದರೂ ಗರಾಜಿನ ಹಳೇ ಸ್ಟೋವಿಗೇ ಹೋಗಬೇಕು, ಅದು ಅಮ್ಮನ ಕಾನೂನು. (ಗರಾಜಿನ ವಿಷಯ ಸದ್ಯಕ್ಕೆ ಇಷ್ಟು ಸಾಕು.) ಅಂಥ ಮನೆಯಲ್ಲಿ ಕೂತು, ಹದಿನಾರನೇ ವಯಸ್ಸಿಗೆ, ನಾನು ಕಾಡುಹಂದಿ ಹೊಡೆಯುವ ರೈಫಲ್ ಒಂದನ್ನು ಕಟ್ಟಿದೆ. ನಳಿಗೆಯಿಂದ ಹಿಡಿದು ಹೆಗಲಿನ ಪಟ್ಟಿಯವರೆಗೆ ಒಂದೊಂದು ಭಾಗವನ್ನೂ ನಾನೇ ಆರಿಸಿದೆ. ಒಂದೇ ಒಂದು ಕೊರತೆ ಅಂದರೆ, ಅದು ಇದ್ದದ್ದು ಎಕ್ಸೆಲ್ ಶೀಟಿನಲ್ಲಿ.

ಇದಕ್ಕೆಲ್ಲ ಮೂಲ ಚೇತನ್. ಹೂಸ್ಟನ್ ಪಕ್ಕದ ಸ್ಟಾಫರ್ಡಿನಲ್ಲಿ ಅಂಗಡಿ ಇಟ್ಟಿರುವ ಪಾಟೀಲ್ ಅಂಕಲ್ ಮಗ. ನನಗಿಂತ ಎರಡು ತಿಂಗಳು ಚಿಕ್ಕವನು, ನಾಲ್ಕು ಇಂಚು ಎತ್ತರ. ಈ ಎರಡನೆಯದನ್ನೇ ನಾನು ಕ್ಷಮಿಸಿರಲಿಲ್ಲ. ಅಷ್ಟರಲ್ಲಿ ಪಾಟೀಲ್ ಅಂಕಲ್ ಊರಾಚೆ ಒಂದಿಷ್ಟು ಜಮೀನು ತೆಗೆದುಕೊಂಡರು. ಅದನ್ನು ಕಾಡುಹಂದಿಗಳು ಉತ್ತು ಹಾಕಿದವು. ಅಂಕಲ್ ಒಂದು ರೈಫಲ್ ಕೊಂಡರು, ಪಕ್ಕದ ದನದ ಫಾರ್ಮಿನವರು ಅಪ್ಪ ಮಗ ಇಬ್ಬರಿಗೂ ಹೊಡೆಯುವುದನ್ನು ಕಲಿಸಿದರು. ಹೊಡೆದ ಹಂದಿಯನ್ನು ತಿನ್ನುವವರೂ ಆ ಫಾರ್ಮಿನವರೇ, ಪಾಟೀಲರ ಮನೆಯಲ್ಲಿ ಈರುಳ್ಳಿಗೂ ವಾರಕ್ಕೆರಡು ದಿನ ರಜೆ.

ಆ ಸಲದ ದೀಪಾವಳಿಗೆ ಪರಿಚಯದ ಕನ್ನಡದವರೆಲ್ಲ ಆಸ್ಟಿನ್‌ನಲ್ಲಿ ಸೇರಿದ್ದೆವು. ಚೇತನ್ ಒಂದು ಫೋಟೋ ತಂದಿದ್ದ. ಸತ್ತ ಹಂದಿ, ಅದರ ಹಿಂದೆ ಮಂಡಿಯೂರಿ ಕೂತ ಚೇತನ್. ಹಂದಿಯ ಕೋರೆಗಿಂತ ಇವನ ಹಲ್ಲೇ ಜಾಸ್ತಿ ಕಾಣುತ್ತಿತ್ತು. ನನ್ನ ಸ್ವಂತ ಗೆಳೆಯರೆಲ್ಲ, ಹೋಗಲಿ, ನನ್ನ ಸ್ವಂತ ತಂಗಿಯೂ ಅವನ ಸುತ್ತ ನಿಂತಿದ್ದರು. ಹೊಟ್ಟೆಯಲ್ಲಿ ಎದ್ದ ಉರಿಯಲ್ಲಿ ಇಪ್ಪತ್ತು ಜನಕ್ಕೆ ಚಪಾತಿ ಸುಡಬಹುದಿತ್ತು.

"ನಾನೂ ಒಂದು ರೈಫಲ್ ಬಿಲ್ಡ್ ಮಾಡ್ತಿದೀನಿ," ಅಂದುಬಿಟ್ಟೆ.

"ಹೌದಾ? ಯಾವ ಕ್ಯಾಲಿಬರ್ ಲೇ?" ಅಂದ ಚೇತನ್.

ಕ್ಯಾಲಿಬರ್ ಅಂದರೆ ಗುಂಡಿನ ದಪ್ಪ ಅಂತ ನನಗೆ ಗೊತ್ತಾದದ್ದು ಮಾರನೇ ದಿನ. "ಇನ್ನೂ ಕಂಪೇರ್ ಮಾಡ್ತಿದೀನಿ ಕಣೋ," ಅಂದೆ.

ಪಾಟೀಲ್ ಅಂಕಲ್ ಕೇಳಿಸಿಕೊಂಡರು. "ಭೇಷ್! ಡಿಸೆಂಬರ್‌ದಾಗ ನಿಮ್ಮನಿಗೆ ಬರ್ತೀವಿ, ತೋರ್ಸು. ಮಾಹಿತಿ ಇದ್ದಾಂವ ಅನಸ್ತು ಅಂದ್ರ ಹಂದಿಗೆ ನಿನ್ನೂ ಕರ್ಕೊಂಡು ಹೋಗ್ತೀನಿ. ಟ್ರಕ್‌ದಾಗ ಇನ್ನೊಂದು ಸೀಟ್ ಐತಿ."

ಆ ಸೀಟಿಗಾಗಿ ಆರು ವಾರ ಇಂಟರ್ನೆಟ್ಟಿನಲ್ಲಿ ಬಿದ್ದುಕೊಂಡೆ. ಬೇಟೆಗಾರರ ಫೋರಮ್ಮಿನಲ್ಲಿ ಕ್ಯಾಲಿಬರ್ ಕೇಳುವುದೂ, ಹತ್ತು ಆಂಟಿಯರ ನಡುವೆ ಸಾರಿನಪುಡಿಗೆ ಎಷ್ಟು ಮೆಣಸು ಅಂತ ಕೇಳುವುದೂ ಒಂದೇ. ಟೂ ಟ್ವೆಂಟಿ ತ್ರೀ ಸಾಕು ಅಂದ ಒಬ್ಬ. ಅದು ಹಂದಿಗೆ ಕಚಗುಳಿ ಇಟ್ಟಂತೆ, ಭುಜದ ಚರ್ಮ ನೋಡಿದ್ದೀಯಾ ಅಂದ ಇನ್ನೊಬ್ಬ. ತ್ರೀ ಓ ಎಯ್ಟ್ ತಗೋ, ಹಂದಿಯ ಜತೆ ಹಿಂದಿನ ಮರವೂ ಬೀಳುತ್ತೆ ಅಂದ ಮೂರನೆಯವನು. ಆ ರೈಫಲ್ ಹೊತ್ತರೆ ಮೊದಲು ಬೀಳುವವನು ನಾನೇ ಅಂತ ಲೆಕ್ಕ ಹಾಕಿ, ಅವೆರಡರ ನಡುವಿನ, ಇಂಚು ಬಿಟ್ಟು ಮಿಲಿಮೀಟರಿನಲ್ಲಿ ಅಳೆಯುವ ಸಿಕ್ಸ್ ಪಾಯಿಂಟ್ ಎಯ್ಟ್‌ಗೆ ಬಂದು ನಿಂತೆ. ಅದಕ್ಕೆ ಬೇರೆ ಬೋಲ್ಟ್, ಗುಂಡು ತುಂಬಲು ಬೇರೆ ಮ್ಯಾಗಝೀನ್, ಹದಿನಾರು ಇಂಚಿನ ನಳಿಗೆ. ಹದಿನೆಂಟು ತುಂಬದ ನನಗೆ ಅಂಗಡಿಯವನು ಅದರ ಒಂದು ತಿರುಪನ್ನೂ ಮಾರುವುದಿಲ್ಲ ಅನ್ನುವುದು ಬೇರೆ ಮಾತು.

ಶೀಟು ಮಾಡುವುದು ನಮ್ಮ ರಕ್ತದಲ್ಲೇ ಇದೆ. ಅಪ್ಪ ಪಕ್ಕದ ಊರು ಪ್ಲೇನೋದಲ್ಲಿ ಇಂಜಿನಿಯರ್. ಒಂಬತ್ತು ಕಾಲಂ ತುಂಬದೆ ನಮ್ಮ ಮನೆಗೆ ಪೊರಕೆಯೂ ಬರುವುದಿಲ್ಲ. ಅವರ ಡಿಶ್‌ವಾಷರ್ ಶೀಟನ್ನೇ ಕದ್ದೆ. 'ಎಷ್ಟು ತಟ್ಟೆ ಹಿಡಿಯುತ್ತದೆ' ಅನ್ನುವುದನ್ನು 'ಎಷ್ಟು ಗುಂಡು ಹಿಡಿಯುತ್ತದೆ' ಅಂತ ತಿದ್ದಿದೆ. 'ಸದ್ದು' ಅನ್ನುವ ಕಾಲಂ ಅಳಿಸಲು ಮರೆತೆ, ಅದರಲ್ಲಿ ಎಲ್ಲ ಬಂದೂಕೂ ಸೊನ್ನೆ ತೆಗೆದುಕೊಂಡವು.

ಡಿಸೆಂಬರ್‌ನಲ್ಲಿ ಪಾಟೀಲರು ಬಂದರು. ಬಣ್ಣದಲ್ಲಿ ಪ್ರಿಂಟ್ ತೆಗೆದ ನಾಲ್ಕು ಹಾಳೆಯನ್ನು ಟೀಪಾಯಿ ಮೇಲೆ ಹರಡಿದೆ. ಚೇತನ್ ಬಗ್ಗಿ ಓದುತ್ತಾ ಹೋದ. ಮೂರನೇ ಹಾಳೆಗೆ ಅವನ ಮುಖ ಇಳಿಯಿತು. ಆ ಇಳಿತ ನನಗೆ ಚೆನ್ನಾಗಿ ಗೊತ್ತು, ಆರು ವಾರ ಕನ್ನಡಿಯಲ್ಲಿ ನೋಡಿದ್ದೆ.

"ಅಪ್ಪಾ, ಇವಂದು ನಮ್ಮದಕ್ಕಿಂತ ಚಲೋ ಐತಲ್ಲ," ಅಂದ, ಅಳುವ ದನಿಯಲ್ಲಿ.

ಸ್ವರ್ಗ ಅಂದರೆ ಅದೇ ಇರಬೇಕು. ಅಂಕಲ್ ನನ್ನ ಬೆನ್ನು ತಟ್ಟಿದರು. "ಹುಡುಗ ಬಾಳ ತಿಳಕೊಂಡಾನ. ಬರೋ ಶನಿವಾರ ಇವನೂ ಬರ್ಲಿ."

ಆಗ ಅಪ್ಪ ಒಳಗೆ ಬಂದರು.

ಹಾಳೆ ಎತ್ತಿಕೊಂಡರು, ಕನ್ನಡಕ ಹಾಕಿಕೊಂಡರು. ನಾನು ಬೈಗುಳಕ್ಕೆ ಎದೆ ಸೆಟೆಸಿ ನಿಂತೆ. ಬಂದೂಕಿನ ವಿಷಯಕ್ಕೆ ಬೈಸಿಕೊಳ್ಳುವುದರಲ್ಲೂ ಒಂದು ಗತ್ತಿದೆ, ಚೇತನ್ ನೋಡಲಿ. ಅಪ್ಪ ಬೈಯಲಿಲ್ಲ. ನಾಲ್ಕೂ ಹಾಳೆ ಓದಿದರು.

"ನಮ್ಮ ಡಿಶ್‌ವಾಷರ್ ಶೀಟಲ್ವೇನೋ? ಚೆನ್ನಾಗಿ ಮಾಡಿದೀಯ. ಒಂದು ಕಾಲಂ ಮಾತ್ರ ಬಿಟ್ಟಿದೀಯ."

"ಯಾವ್ದಪ್ಪಾ?"

"ಹಲ್ಲಿ." ಆಮೇಲೆ ಅಂಕಲ್ ಕಡೆ ತಿರುಗಿದರು. "ಪಾಟೀಲ್ರೇ, ಹೋದ ತಿಂಗಳು ಇವನು ಗರಾಜಿಗೆ ಮೊಟ್ಟೆ ಬೇಯಿಸಕ್ಕೆ ಹೋದ, ಸ್ಟೋವ್ ಹತ್ರ ಹಲ್ಲಿ ಇತ್ತಂತೆ. ಇವನಮ್ಮನ ವ್ಯಾನ್ ಮೇಲೆ ಹತ್ತಿ ಕೂತು ಫೋನ್ ಮಾಡ್ದ. ನಾನು ಮೀಟಿಂಗ್ ಬಿಟ್ಟು ಪ್ಲೇನೋಯಿಂದ ಬಂದು ಅದನ್ನ ಓಡ್ಸೋವರೆಗೂ ಇಳೀಲಿಲ್ಲ. ಇವನು ಹಂದಿಗೆ ಬಂದ್ರೆ ನಿಮ್ಮ ಟ್ರಕ್ಕಿಗೆ ಏಣಿ ಇದೆಯಾ?"

ಅದು ಹಲ್ಲಿಯಲ್ಲ, ಮೊಸಳೆಯ ಮರಿಯಷ್ಟಿತ್ತು ಅಂದೆ. ಯಾರಿಗೂ ಕೇಳಿಸಲಿಲ್ಲ, ಚೇತನ್ ಅಷ್ಟು ಜೋರಾಗಿ ನಗುತ್ತಿದ್ದ. ಟ್ರಕ್ಕಿನ ಆ ಸೀಟಿನಲ್ಲಿ ಶನಿವಾರ ಹೋಗಿ ಕೂತವಳು ನನ್ನ ತಂಗಿ.

ಈಗ ಚೇತನ್ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಇರುವುದೆಲ್ಲ ಆ ಹಲ್ಲಿಯ ಮೇಲೆ. ಆರು ವಾರ ಕಷ್ಟಪಟ್ಟು ಶೀಟು ಮಾಡಿದವನು ನಾನು. ಹೂಸ್ಟನ್ನಿನಿಂದ ಆಸ್ಟಿನ್‌ವರೆಗೆ ಎಲ್ಲರೂ ನನ್ನ ಹತ್ತಿರ ಕ್ಷೇಮ ವಿಚಾರಿಸುವುದು ಆ ಹಲ್ಲಿಯದು.