ಎಡೆಗಿಟ್ಟ ವಿಮಾನ

ಚಳಿಗಾಲ ಹತ್ತಿರ ಬಂತೆಂದು ಒಬ್ಬೊಬ್ಬರಿಗೆ ಒಂದೊಂದು ಕಡೆಯಿಂದ ಗೊತ್ತಾಗುತ್ತದೆ. ನಮ್ಮತ್ತೆಗೆ ಮಂಡಿಯಿಂದ ಗೊತ್ತಾಗುತ್ತಿತ್ತು. ಪಕ್ಕದ ಮನೆ ಪುಟ್ಟತಾಯಮ್ಮನಿಗೆ ಅವಳ ಎಮ್ಮೆ ಹಾಲು ಸೊರ ಬಿಡಲು ಸತಾಯಿಸುವುದರಿಂದ ಗೊತ್ತಾಗುತ್ತದೆ. ನನಗೆ ಮಡಿಲಿನಿಂದ. ಬೆಳಿಗ್ಗೆ ಎದ್ದು ಕುಳಿತಾಗ ಮಡಿಲಲ್ಲಿ ಏನೋ ಇರಬೇಕಿತ್ತಲ್ಲ, ಎಲ್ಲಿ ಹೋಯಿತು ಅನ್ನಿಸಿದರೆ ಚಳಿ ಬಂತೆಂದೇ ಅರ್ಥ. ಅಲ್ಲಿ ಇರಬೇಕಿದ್ದದ್ದು ಮಗುವೂ ಅಲ್ಲ, ಬೆಕ್ಕಿನ ಮರಿಯೂ ಅಲ್ಲ. ಒಂದು ವಿಮಾನದ ಮೂತಿ. ಇದನ್ನು ಹೊರಗಿನವರ ಮುಂದೆ ಹೇಳಲು ನನಗೆ ನಾಚಿಕೆ. ಹಾಗೆ ನೋಡಿದರೆ ಬಸ್ಸಿನಲ್ಲಿ ಕಂಡಕ್ಟರಿಗೆ ನಮ್ಮೂರು ಬಂತೆಂದು ಹೇಳಲೂ ನನಗೆ ನಾಚಿಕೆಯೇ. ಮುಂದಿನ ಊರು ಜೀರಹಳ್ಳಿಯವರೆಗೆ ಹೋಗಿ ಇಳಿದು, ಬಂದ ದಾರಿಯಲ್ಲೇ ನಡೆದು ಬಂದವಳು ನಾನು. ಆದರೆ ಗೌರಿ, ಮಾದೇಶ, ನೀವು ನನ್ನ ಮೊಮ್ಮಕ್ಕಳು. ತಾತನೇ ಬಂದು ವಿಮಾನ ತೆಗೆದುಕೊಂಡು ಹೋದರೆಂದು ಶಾಲೆಯಲ್ಲಿ ಎಲ್ಲರಿಗೂ ಹೇಳುತ್ತೀರಂತೆ. ಸುಳ್ಳೆಂದು ನಾನು ಹೇಳುವುದಿಲ್ಲ. ಅದು ಹೇಗೆ ಹೋಯಿತೆಂದು ಮಾತ್ರ ಬರೆದಿಡುತ್ತೇನೆ. ಓದುವಾಗ ನನ್ನ ಮುಖ ನೋಡಬೇಡಿ, ಅಷ್ಟೇ.

ನಿಮ್ಮ ತಾತ ತಾಳವಾಡಿಯಲ್ಲಿ ಔಷಧಿ ಹೊಡೆಯುವ ಸ್ಪ್ರೇಯರು, ಮೊಪೆಡ್ಡು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದರು. ಒಮ್ಮೆ ಬಿಡಿಭಾಗ ತರಲು ಕೊಯಮತ್ತೂರಿಗೆ ಹೋದವರು ಯಾವುದೋ ಮೈದಾನದಲ್ಲಿ ಜನ ಕೈಯಲ್ಲೊಂದು ಪೆಟ್ಟಿಗೆ ಹಿಡಿದು, ಅದರ ಕಡ್ಡಿಗಳನ್ನು ಅಲ್ಲಾಡಿಸುತ್ತ ಪುಟ್ಟ ವಿಮಾನ ಹಾರಿಸುವುದನ್ನು ಕಂಡರು. ತಂತಿ ಇಲ್ಲ, ದಾರ ಇಲ್ಲ, ಎಲ್ಲ ರೇಡಿಯೋದಲ್ಲಿ. ಅವರ ಕಣ್ಣೆದುರೇ ಒಂದು ನೆಲಕ್ಕೆ ಮೂತಿ ಹೊಡೆದುಕೊಂಡು ಬಿತ್ತು. ಅದನ್ನು ಎಸೆಯುವವರಿದ್ದರು, ಇವರು ಬೇಡಿ ತಂದರು. ಬಸ್ಸು ದಿಂಬಂ ಘಾಟಿಯಲ್ಲಿ ಚಹಾಕ್ಕೆ ನಿಂತಾಗ ಜನ ಸುತ್ತುವರಿದರಂತೆ. "ಯಾನ್ಲಾ ಅದು?" "ವಿಮಾನ ಕಣ." "ಮಿಕ್ಕಿದ್ದೆಲ್ಲಿ?" ಕೈಯಲ್ಲಿದ್ದದ್ದು ಮೂತಿ ಮತ್ತು ಒಂದೂವರೆ ರೆಕ್ಕೆ. ಮಿಕ್ಕಿದ್ದನ್ನು ಮುಂದಿನ ಮಳೆಗಾಲವೆಲ್ಲ ಕೂತು ಮನೆಯಲ್ಲೇ ಮಾಡಿದರು, ರೇಡಿಯೋ ಪೆಟ್ಟಿಗೆಯನ್ನು ಮಾತ್ರ ಕೊಯಮತ್ತೂರಿನಿಂದಲೇ ಹಳೆಯದೊಂದು ತಂದರು. ರೆಕ್ಕೆ ಹರಿದ ಕಡೆ ಅಂಟಿಸಲು ಬಟ್ಟೆ ಬೇಕಾದಾಗ ನನ್ನ ಗಿಳಿ ಹಸಿರು ಸೀರೆಯ ಸೆರಗು ಹೋಯಿತು. "ನೆಲದ ಮ್ಯಾಲೆ ಎಷ್ಟ್ ದಿನ ಉಡ್ತೀಯ, ಆಕಾಸ್ದಲ್ಲಿ ಉಟ್ಟು ನೋಡು" ಎಂದರು. ಹೊಗಳಿಕೆ ಅಂದುಕೊಂಡು ಕತ್ತರಿ ತಂದುಕೊಟ್ಟೆ.

ಅದರ ಎಂಜಿನ್ನು ನಿಂಬೆಹಣ್ಣಿನಷ್ಟು. ಕುಡಿಯುವುದು ಸ್ಪಿರಿಟ್ಟು, ಜೊತೆಗೆ ಹರಳೆಣ್ಣೆ. ನಿಮ್ಮಪ್ಪನ ನೆತ್ತಿಗೆ ಸಿಗದಿದ್ದ ಹರಳೆಣ್ಣೆ ಅದರ ಹೊಟ್ಟೆಗೆ ಸಿಗುತ್ತಿತ್ತು. ಹಾರಿ ಬಂದಮೇಲೆ ಊರೆಲ್ಲ ಬಾಣಂತಿ ಮನೆಯ ವಾಸನೆ. ಒಮ್ಮೆ ಕಾಡಿನ ವಾಚರ್ ಒಬ್ಬ ಸದ್ದು ಕೇಳಿ ಬಂದ. "ಇದ್ರಾಗೆ ಕ್ಯಾಮರಾ ಅದಾ?" ಎಂದು ಕೇಳಿದ. "ಇದ್ರಾಗೆ ಅಳ್ಳೆಣ್ಣೆ ಅದೆ" ಎಂದರು ನಿಮ್ಮ ತಾತ. ಅವನು ಮೂಸಿ ನೋಡಿ, ಏನಕ್ಕೂ ಆಫೀಸಿಗೆ ಒಂದು ಮನು ಕೊಟ್ಟುಬಿಡಿ ಎಂದು ಹೇಳಿ ಹೋದ. ನಮ್ಮ ಕಡೆ ಅರ್ಜಿಗೆ ಮನು ಅನ್ನುತ್ತೇವೆ. ಬೋರ್‌ವೆಲ್ಲಿಗೂ ಮನು, ಬಸ್ಸಿಗೂ ಮನು, ಈಗ ಹರಳೆಣ್ಣೆಗೂ ಮನು.

ಬೇಸಿಗೆಯಲ್ಲಿ ಎಂಜಿನ್ನು ಚೆನ್ನಾಗಿಯೇ ಹೊತ್ತಿಕೊಳ್ಳುತ್ತಿತ್ತು. ರಾಗಿ ತೆನೆ ಬಲಿತು, ಬೆಳಿಗ್ಗೆ ಕಾಡಿನ ಕಡೆಯಿಂದ ಮಂಜು ಇಳಿಯತೊಡಗಿದಾಗ ತೊಂದರೆ. ಎಣ್ಣೆ ಗಟ್ಟಿಯಾಗಿ ಎಂಜಿನ್ನು ಹಟ ಹಿಡಿಯುತ್ತಿತ್ತು. ಆದರೆ ನಿಮ್ಮ ತಾತನಿಗೆ ಆ ಕಾಲವೇ ಬೇಕು. "ಚಳಿ ಗಾಳಿ ಗಟ್ಟಿ ಕಣಮ್ಮಿ, ರೆಕ್ಕೆಗೆ ಕಾಲೂರಕ್ಕೆ ಜಾಗ ಸಿಕ್ತದೆ" ಅನ್ನುತ್ತಿದ್ದರು. ಮೊದಲು ಒಲೆಯ ಹತ್ತಿರ ಇಟ್ಟು ಬಿಸಿ ಮಾಡಿದರು. ಸ್ಪಿರಿಟ್ಟು ಹೊತ್ತಿಕೊಂಡರೆ ಬೆಂಕಿ ಕಣ್ಣಿಗೆ ಕಾಣುವುದಿಲ್ಲ. ಅವರ ಹುಬ್ಬು ಸುಟ್ಟ ವಾಸನೆ ಬಂದಾಗಲೇ ನಮಗೆ ತಿಳಿದದ್ದು. ಅಂದಿನಿಂದ ಎಂಜಿನ್ನು ನನ್ನ ಮಡಿಲಿಗೆ ಬಂತು. ಮೂತಿಗೆ ಹಳೆ ಪಂಚೆ ಸುತ್ತಿ, ಮೇಲೆ ಸೆರಗು ಮುಚ್ಚಿಕೊಂಡು ಹಿತ್ತಲ ಬಂಡೆಯ ಮೇಲೆ ಕೂರುತ್ತಿದ್ದೆ. ಅವರು ಎದುರಿಗೆ ಕುಕ್ಕುರುಗಾಲಲ್ಲಿ ಕೂತು, ಒಂದು ಕೈಯನ್ನು ಅಂಗಿಯೊಳಗೆ ತೂರಿಸಿ ಕಂಕುಳಿಗೆ ಒತ್ತಿಕೊಂಡು ಕಾಯುತ್ತಿದ್ದರು. ಪಾಪ, ಚಳಿಗೆ ಮುದುರಿದ್ದಾರೆ ಅಂದುಕೊಳ್ಳುತ್ತಿದ್ದೆ. ಅಲ್ಲೊಂದು ಒಳಜೇಬು ಹೊಲಿದುಕೊಡು ಎಂದಾಗಲೂ ಬೀಡಿ ಬಚ್ಚಿಡಲು ಇರಬೇಕೆಂದು ಹೊಲಿದುಕೊಟ್ಟಿದ್ದೆ.

ಮೊದಲ ಸಲ ಪುಟ್ಟತಾಯಮ್ಮ ಬೇಲಿಯಾಚೆಯಿಂದ ನೋಡಿ, "ಯಾನವ್ವ, ಈ ವಯಸ್ನಲ್ಲಿ ಮಡ್ಲು ತುಂಬ್ಕಂಡು ಕುಂತಿದ್ದೀಯೆ? ಎಷ್ಟ್ ತಿಂಗ್ಳು?" ಎಂದಳು. ನನಗೆ ಬಂಡೆ ಬಾಯಿ ಬಿಡಬಾರದೆ ಅನ್ನಿಸಿತು. ನಿಮ್ಮ ತಾತನೇ ಉತ್ತರ ಕೊಟ್ಟರು. "ಇವತ್ತೇ ಎರ್ಗೆ ಕಣವ್ವ. ಉಟ್ಟಿದ್ದೇ ತಡ ಆರೋಯ್ತದೆ."

ಈ ವಿಮಾನಕ್ಕೆ ಊರಲ್ಲಿ ಒಂದೇ ಒಂದು ಕುಲದ ಹಗೆ ಇತ್ತು. ಕಾಗೆಗಳದು. ಒಂದು ಬೆಳಿಗ್ಗೆ ಅದರ ರೆಕ್ಕೆ ಒಂದು ಕಾಗೆಗೆ ಬಡಿದು, ಕಾಗೆ ಬಂಡೆಯ ಮೇಲೆ ಬಿದ್ದು ಸತ್ತಿತು. ಊರ ಕಾಗೆಗಳೆಲ್ಲ ಸೇರಿ ನಮ್ಮ ಹುಣಸೆಮರದ ಮೇಲೆ ಇಡೀ ದಿನ ಬಾಯಿ ಬಡಿದುಕೊಂಡವು. ಆಮೇಲೆ ವಿಮಾನವನ್ನು ಹೊರಗೆ ತಂದರೆ ಸಾಕು, ಸದ್ದು ಬರುವ ಮೊದಲೇ ಹಿತ್ತಲು ಖಾಲಿ. ಒಣಹಾಕಿದ ಕಾಳಿಗೆ ಕಾವಲು ಬೇಕಿಲ್ಲವೆಂದು ನನಗೆ ಖುಷಿಯೇ ಆಗಿತ್ತು. ಕಾಗೆಯ ಹಂಗು ನಮಗೂ ಒಂದು ದಿನ ಬೀಳುತ್ತದೆಂದು ಯಾರು ಯೋಚಿಸಿದ್ದರು?

ನಿಮ್ಮ ತಾತ ಹೋದದ್ದು ಹೋದ ವರ್ಷದ ಬೇಸಿಗೆಯಲ್ಲಿ, ಅಂಗಡಿಯಲ್ಲೇ, ಯಾರದೋ ಸ್ಪ್ರೇಯರನ್ನು ಪೂರ್ತಿ ಬಿಚ್ಚಿ ಹರಡಿಕೊಂಡು ಕೂತಿದ್ದಾಗ. ಮತ್ತೆ ಜೋಡಿಸಲು ಯಾರಿಗೂ ಬರಲಿಲ್ಲ. ಮಣ್ಣಿಗೆ ಬಂದ ಅದರ ಯಜಮಾನ ಅಳುತ್ತಲೇ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿಕೊಂಡು ಹೋದ. ಅದಕ್ಕಿಂತ ಹೆಚ್ಚಿಗೆ ನಾನು ಬರೆಯಲಾರೆ. ವಿಮಾನ ನನ್ನ ಮಂಚದ ಪಕ್ಕಕ್ಕೆ ಬಂತು. ಮಳೆ ನಿಂತು ಮಂಜು ಶುರುವಾದಾಗ ಬೆಳಗಿನ ಹೊತ್ತು ಅದರ ಮೂತಿಯನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದೆ. ಬಿಸಿ ಮಾಡಿದರೆ ಹಾರಿಸುವವರಿರಲಿಲ್ಲ. ಆದರೂ ಕಬ್ಬಿಣ ನಿಧಾನವಾಗಿ ಬೆಚ್ಚಗಾಗುವುದು ಕೈಗೆ ತಿಳಿಯುತ್ತಿತ್ತು. ಮನೆಯಲ್ಲಿ ನನ್ನಿಂದ ಬೆಚ್ಚಗಾಗುವ ವಸ್ತು ಅದೊಂದೇ ಉಳಿದಿತ್ತು.

ನಮ್ಮ ಮನೆಯಲ್ಲಿ ದೀಪಾವಳಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಸುತ್ತ ಇಡಬೇಕು. ಕಾಗೆ ಬಂದು ಮುಟ್ಟುವವರೆಗೆ ಮನೆಯವರು ಉಣ್ಣುವಂತಿಲ್ಲ, ಇಟ್ಟದ್ದನ್ನು ಎತ್ತುವಂತಿಲ್ಲ. ಈ ಶಾಸ್ತ್ರಗಳಿಗೆಲ್ಲ ನಿಮ್ಮ ಚಿಕ್ಕತಾತ ಮಾದಪ್ಪನೇ ಯಜಮಾನ. ಹಿತ್ತಲ ಬಂಡೆಯ ಮೇಲೆ ಎಲೆ ಹಾಕಿ ವಡೆ, ಪಾಯಸ, ಕೋಳಿ ಸಾರು ಬಡಿಸಿದೆವು. ಪಕ್ಕದಲ್ಲಿ ಬೀಡಿ ಕಟ್ಟು, ಹೊಸ ಪಂಚೆ ಇಟ್ಟೆವು. ಅಷ್ಟರಲ್ಲಿ ಮಾದಪ್ಪ ಒಳಗಿನಿಂದ ವಿಮಾನ ಎತ್ತಿಕೊಂಡು ಬಂದ. "ಇದ ಬುಟ್ಟು ಅಣ್ಣನ್ಗೆ ಇನ್ಯಾನ ಇಷ್ಟ?" ಎಂದ. ಬೇಡ ಅನ್ನುವ ಮಾತು ನನ್ನ ಮನಸ್ಸಿನಿಂದ ಹೊರಟು ಬಾಯಿಗೆ ತಲುಪುವಷ್ಟರಲ್ಲಿ ವಿಮಾನ ಎಡೆಯ ಪಕ್ಕ ಕೂತಾಗಿತ್ತು. ನನ್ನ ಮಾತುಗಳೆಲ್ಲ ಹೀಗೆಯೇ, ಕಡೆಯ ಬಸ್ಸು ಹೋದಮೇಲೆ ಸ್ಟ್ಯಾಂಡಿಗೆ ಬರುತ್ತವೆ.

ಕಾಗೆಗಳು ಹುಣಸೆಮರಕ್ಕೆ ಬಂದವು. ವಿಮಾನವನ್ನು ನೋಡಿದವು. ಒಂದೂ ಕೆಳಗಿಳಿಯಲಿಲ್ಲ. ನಾವೆಲ್ಲ ಕೈಮುಗಿದು ನಿಂತೇ ಇದ್ದೆವು. ಹೊತ್ತು ನೆತ್ತಿಗೆ ಬಂದರೂ ಬಿಸಿಲಿಲ್ಲ, ಮಂಜು, ಹನಿ, ಕೊರೆಯುವ ಗಾಳಿ. ಸಾರಿನ ಮೇಲೆ ಕೊಬ್ಬು ಹೆಪ್ಪುಗಟ್ಟಿತು. "ಉಪ್ಪು ಕಮ್ಮಿ ಆಗದೇನೋ" ಎಂದಳು ಪುಟ್ಟತಾಯಮ್ಮ, ಸಾರು ಮಾಡಿದ ನನ್ನನ್ನು ನೋಡುತ್ತ. "ಇಲ್ಲ ಕಣವ್ವ, ಅಣ್ಣನ್ಗೆ ಯಾನೋ ಆಸೆ ಉಳ್ಕಂಡದೆ" ಎಂದ ಮಾದಪ್ಪ. ನಾನು ಧೈರ್ಯ ಮಾಡಿ, "ವಿಮಾನ ಕಂಡು ಎದರ್ಕತವೆ ಅವು. ಅದ ಒಳೀಕೆ ಮಡಗುದ್ರೆ ಬತ್ತವೆ" ಎಂದೆ.

"ಎಡೆಗಿಟ್ಟಿದ್ನ ಎತ್ತದಾ ಅತ್ಗೆ? ಸತ್ತೋನ ಬಾಯಿಂದ ತುತ್ತ ಕಿತ್ಕಂಡಂಗೆ!" ಎಂದು ಮಾದಪ್ಪ ಹೌಹಾರಿದ. ಸ್ವಲ್ಪ ಹೊತ್ತು ಕಾಗೆಗಳನ್ನೂ ವಿಮಾನವನ್ನೂ ನೋಡಿ, ತೊಡೆ ತಟ್ಟಿಕೊಂಡ. "ಗೊತ್ತಾಯ್ತು! ಅದ ಆರಿಸ್ಬೇಕು ಕಣ್ಲಾ ಶಿವ. ನಿಮ್ಮಪ್ಪನ ಆಸೆ ಅದೇಯ." ಶಿವ ಅಂದರೆ ನಿಮ್ಮಪ್ಪ. ಒಳಗಿಡಲು ಎತ್ತಬಾರದು, ಹಾರಿಸಲು ಎತ್ತಬಹುದು. ಶಾಸ್ತ್ರದಲ್ಲಿ ಇಂಥ ಸಂದುಗಳು ಯಾವಾಗಲೂ ಗಂಡಸರ ಕಣ್ಣಿಗೇ ಬೀಳುತ್ತವೆ.

ನಿಮ್ಮಪ್ಪ ತಾತನ ಜೊತೆ ನಿಂತು ಹಾರಿಸಿದ್ದುಂಟು, ಒಬ್ಬನೇ ಹಾರಿಸಿದವನಲ್ಲ. ಆದರೂ ರೇಡಿಯೋ ಪೆಟ್ಟಿಗೆ ತಂದ, ಎಣ್ಣೆ ತುಂಬಿದ, ಕೋಲಿನಿಂದ ಮೂತಿಯ ಪಂಖವನ್ನು ತಿರುವಿದ. ಎಂಜಿನ್ನು ಅಲುಗಲಿಲ್ಲ. ಮತ್ತೆ ತಿರುವಿದ. ಅಷ್ಟೂ ಜನ ತಿರುಗಿ ನನ್ನ ಕಡೆ ನೋಡಿದರು.

ಮಕ್ಕಳೇ, ಆಗ ನಾನು ಸುಮ್ಮನೆ ಒಳಗೆ ಹೋಗಿ ಪಾತ್ರೆ ಉಜ್ಜುತ್ತ ಕೂತಿದ್ದರೆ ಸಾಕಿತ್ತು. ಎಂಜಿನ್ನು ತಣ್ಣಗಿರುತ್ತಿತ್ತು, ವಿಮಾನ ಮನೆಯಲ್ಲೇ ಉಳಿಯುತ್ತಿತ್ತು. ಅದು ಆಕಾಶಕ್ಕೆ ಹೋದರೆ ಸರಿಯಾಗಿ ಇಳಿಸಲು ಗೊತ್ತಿದ್ದವರು ಒಬ್ಬರೇ, ಅವರೇ ಇಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೋಗಲೆಂದು ತಿರುಗಿದೆ. ಅಷ್ಟರಲ್ಲಿ ಮಾದೇಶ, ನೀನು ಬಂದು ಸೀರೆ ಹಿಡಿದುಕೊಂಡು "ಅಜ್ಜಿ, ಅಸಿವು" ಎಂದೆ. ಗೌರಿ ವಡೆಯನ್ನೇ ನೋಡುತ್ತಿದ್ದಳು, ತುಟಿ ನೀಲಿಯಾಗಿತ್ತು. ನಾನು ಬಂಡೆಯ ಮೇಲೆ ಕೂತು ಮಡಿಲು ಹಾಸಿದೆ. ನಿಮ್ಮಪ್ಪ ಪಂಚೆ ಸುತ್ತಿದ ಮೂತಿಯನ್ನು ತಂದು ಇಟ್ಟ. ಅಷ್ಟು ಜನರ ಮುಂದೆ ಸೆರಗು ಮುಚ್ಚಿಕೊಂಡು ಕೂತೆ. ಎದುರಿಗೆ ಅವರು ಕೂರುತ್ತಿದ್ದ ಜಾಗದಲ್ಲಿ ಎಲೆ ಇತ್ತು. ಈ ಸಲ ಪುಟ್ಟತಾಯಮ್ಮ ಬಂದು ಗಾಳಿಗೆ ಅಡ್ಡವಾಗಿ ನಿಂತಳು.

ಬೆಚ್ಚಗಾಯಿತೆಂದು ಕೈಗೆ ತಿಳಿದಾಗ ಎತ್ತಿ ಕೊಟ್ಟೆ. ಒಂದೇ ತಿರುವಿಗೆ ಹೊತ್ತಿಕೊಂಡಿತು. ಸುಟ್ಟ ಹರಳೆಣ್ಣೆಯ ವಾಸನೆ ಹಿತ್ತಲೆಲ್ಲ ತುಂಬಿತು. ಆ ವಾಸನೆಯನ್ನು ತಡೆದುಕೊಳ್ಳಲು ಆಗದೆ ನಾನು ಅಡುಗೆಮನೆಯ ಬಾಗಿಲ ಮರೆಗೆ ಹೋದೆ, ಅಲ್ಲಿಂದಲೇ ನೋಡಿದೆ. ವಿಮಾನ ಬಂಡೆಯ ಮೇಲೆ ಓಡಿ, ಕುಪ್ಪಳಿಸಿ, ಎದ್ದುಬಿಟ್ಟಿತು. ರಾಗಿ ಹೊಲದ ಮೇಲೆ ಒಂದು ಸುತ್ತು ಬಂತು. ರೆಕ್ಕೆಯಡಿ ನನ್ನ ಹಸಿರು ಸೆರಗು ಕಾಣುತ್ತಿತ್ತು. ಮಾದಪ್ಪ ಕೈಮುಗಿದು "ಅಣ್ಣೋ" ಎಂದ. ಇನ್ನೊಂದು ಸುತ್ತು ಬಂತು. ಆಮೇಲೆ ತಿರುಗಬೇಕಾದ ಕಡೆ ಅದು ತಿರುಗಲಿಲ್ಲ. ನಿಮ್ಮಪ್ಪ ಕಡ್ಡಿಗಳನ್ನು ಆಚೆಗೆ ಈಚೆಗೆ ಎಳೆದ, ಪೆಟ್ಟಿಗೆಯನ್ನೇ ಕುಲುಕಿದ. "ಮಾತ್ ಕೇಳ್ತಾ ಇಲ್ಲ ಕಣ ಚಿಕ್ಕಪ್ಪ!" ವಿಮಾನ ನೆಟ್ಟಗೆ ಕಾಡಿನ ಕಡೆ ಹೊರಟಿತು. ಮಂಜಿನೊಳಗೆ ಹೋಯಿತು. ಸದ್ದು ಜೇನಿನಷ್ಟಾಯಿತು, ಸೊಳ್ಳೆಯಷ್ಟಾಯಿತು, ಆಮೇಲೆ ಇನ್ನೂ ಕೇಳುತ್ತಿದೆಯೋ ಇಲ್ಲವೋ ಎಂದು ಹೇಳಲಾಗದಂತಾಯಿತು.

"ತಕ್ಕಂಡೋದ" ಎಂದ ಮಾದಪ್ಪ. "ಅಣ್ಣ ಬಂದು ತಕ್ಕಂಡೋದ." ಅವನು ನಿಜವಾಗಿಯೂ ಅಳುತ್ತಿದ್ದ. ಅವನ ಮಾತು ಮುಗಿದಿರಲಿಲ್ಲ, ಮರದಿಂದ ಒಂದು ಕಾಗೆ ಇಳಿಯಿತು, ಹಿಂದೆಯೇ ಇಡೀ ಸಂಸಾರ ಇಳಿಯಿತು. ವಡೆ ಹೋಯಿತು, ಪಾಯಸ ಚೆಲ್ಲಿತು, ಒಂದು ಬೀಡಿ ಕಟ್ಟನ್ನೂ ಎಳೆದಾಡಿತು. "ನೋಡ್ದಾ ಅತ್ಗೆ? ಆಸೆ ತೀರ್ತು!" ಎಂದ ಮಾದಪ್ಪ. ಎಲ್ಲರೂ ಉಂಡರು. ನಾನೂ ಉಂಡೆ, ಹಸಿವಾಗಿತ್ತು. ಸಾರಿಗೆ ಉಪ್ಪು ಸರಿಯಾಗಿಯೇ ಇತ್ತು.

ಮರುದಿನ ನಿಮ್ಮಪ್ಪ ಕಾಡಿನ ಅಂಚಿಗೆ ಹೋದಾಗ ಅದೇ ವಾಚರ್ ತಡೆದ. ರಾಗಿಗೆ ಆನೆ ಇಳಿದಿವೆ, ಒಳಗೆ ಯಾರೂ ಹೋಗುವಂತಿಲ್ಲ, ಬೇಕಿದ್ದರೆ ಒಂದು ಮನು ಕೊಡಿ ಎಂದನಂತೆ. ಬರಿಗೈಯಲ್ಲಿ ಬಂದ ನಿಮ್ಮಪ್ಪ ನನ್ನ ಪಕ್ಕ ಕೂತು ಹೇಳಿದ. "ವಿಮಾನ್ದೊಳ್ಗೆ ರೇಡಿಯೋಗೆ ಇರೋ ಬ್ಯಾಟ್ರಿ ಕೂತೋಯ್ತು ಕಣವ್ವ. ಚಳೀಲಿ ಅದು ನಿಲ್ಲಕಿಲ್ಲ. ಅದ್ಕೇ ಅಪ್ಪ ಆರ್ಸದ್ಕೆ ಮುಂಚೆ ಅದ ಕಂಕ್ಳಲ್ಲಿ ಮಡಿಕತಿದ್ನಲ್ಲ. ನಂಗೆ ಗ್ಯಾನವೇ ಬರ್ನಿಲ್ಲ." ಒಳಗೆ ಹೋಗಿ ಅವರ ಹಳೆ ಅಂಗಿ ತೆಗೆದು ನೋಡಿದೆ. ನಾನೇ ಹೊಲಿದ ಒಳಜೇಬಿನಲ್ಲಿ ಬೀಡಿಯ ಪುಡಿ ಇರಲಿಲ್ಲ. ಬಟ್ಟೆಯಲ್ಲಿ ಬ್ಯಾಟರಿಯ ಚೌಕಾಕಾರ ಅಚ್ಚಾಗಿ ಕೂತಿತ್ತು. ಅಷ್ಟು ವರ್ಷ ಇಬ್ಬರೂ ಎದುರುಬದುರು ಕೂತು ಒಂದೇ ವಿಮಾನವನ್ನು ಬೆಚ್ಚಗೆ ಮಾಡುತ್ತಿದ್ದೆವು, ನಾನು ಅರ್ಧ, ಅವರು ಅರ್ಧ. ಆ ದಿನ ನನ್ನ ಅರ್ಧವನ್ನು ನಾನು ಸರಿಯಾಗಿಯೇ ಮಾಡಿದೆ. ಇನ್ನರ್ಧ ಮಾಡುವವರು ಎಲೆಯ ಮುಂದೆ ಊಟಕ್ಕೆ ಕೂತಿದ್ದರು.

ಈಗ ಮತ್ತೆ ಮಂಜು ಇಳಿಯುತ್ತಿದೆ. ಎಡೆಗೆ ಏನಿಡುವುದೆಂದು ಮಾದಪ್ಪ ಆಗಲೇ ಕೇಳಿದ್ದಾನೆ. ಬೀಡಿ, ಪಂಚೆ ಸಾಕು ಎಂದಿದ್ದೇನೆ. ಕಾಗೆಗಳು ತಕ್ಷಣ ಬರುತ್ತವೆ, ಅಣ್ಣ ಸುಖವಾಗಿದ್ದಾನೆಂದು ಅವನು ಊರಿಗೆಲ್ಲ ಹೇಳುತ್ತಾನೆ, ಬಿಸಿಬಿಸಿ ಸಾರು ಉಣ್ಣುತ್ತೇವೆ.

ಮುಂದೊಂದು ದಿನ ನನ್ನ ಎಡೆಗೆ ಏನಿಡುವುದೆಂದು ನೀವಿಬ್ಬರೂ ಜಗಳವಾಡಬಹುದು. ಏನಾದರೂ ಇಡಿ. ಕಾಗೆ ತಡ ಮಾಡಿದರೆ ಅಜ್ಜಿಗೆ ಏನೋ ಆಸೆ ಉಳಿದಿದೆ ಎಂದು ಮನೆಯ ಸಾಮಾನನ್ನೆಲ್ಲ ಆಕಾಶಕ್ಕೆ ಎಸೆಯಬೇಡಿ. ಆಸೆ ಉಳಿದೇ ಇರುತ್ತದೆ. ಅದಕ್ಕೂ ಕಾಗೆಗೂ ಏನೂ ಸಂಬಂಧವಿಲ್ಲ. ಅಷ್ಟು ಜನ ಸುತ್ತ ನಿಂತು ನೋಡುತ್ತಿದ್ದರೆ ನನಗೆ ತುತ್ತು ಇಳಿಯುವುದಿಲ್ಲ, ನಿಮಗೆ ಗೊತ್ತಲ್ಲ. ನೀವೆಲ್ಲ ಸ್ವಲ್ಪ ಹೊತ್ತು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳಿ.